ನಿಂತ ಮಾತು, ಕೂತ ಮಾತು

ಬಂಡೆಯ ಮೇಲೊಂದು ಊರು. ಆ ಊರಿನ ಕಟ್ಟಳೆ ಒಂದೇ: ಕಂಡದ್ದನ್ನು ನಿಂತು ಹೇಳಬೇಕು, ಊಹಿಸಿದ್ದನ್ನು ಕೂತು ಹೇಳಬೇಕು.

ಗಾಳಿ ಎದ್ದಿದೆ ಎನ್ನುವವನು ನಿಂತು ಹೇಳುತ್ತಾನೆ. ಗಾಳಿ ಎದ್ದೀತು ಎನ್ನುವವನು, ಕಾಲಡಿ ಕೆಸರಿರಲಿ ಕೆಂಡವಿರಲಿ, ನೆಲಕ್ಕೆ ಕೂತೇ ಹೇಳುತ್ತಾನೆ. ಹಾಗಾಗಿ ಆ ಊರಿನ ಮದುವೆ ದಲ್ಲಾಳಿಗಳ ಪಂಚೆ ಹಿಂಭಾಗದಲ್ಲೇ ಮೊದಲು ಸವೆಯುತ್ತಿತ್ತು. ವೈದ್ಯ ರೋಗಿಯ ಮಂಚದ ಪಕ್ಕ ನೆಲಕ್ಕೆ ಕೂತನೆಂದರೆ, ಅವನು ಬಾಯಿ ತೆರೆಯುವ ಮೊದಲೇ ಮನೆಯ ಹೆಂಗಸರು ಅಳಲು ಶುರುಮಾಡುತ್ತಿದ್ದರು.

ನಿಂತ ಮಾತಿನ ತೂಕ ಒಂದು ಕರಿಗಲ್ಲು. ಕೂತ ಮಾತಿನ ತೂಕ ಒಂದು ಚಿಟಿಕೆ ಮರಳು. ಚೌಕದ ನಡುವೆ ದೊಡ್ಡ ತಕ್ಕಡಿಯೊಂದು ತೂಗುತ್ತಿತ್ತು. ಊರಿನ ನ್ಯಾಯವೆಲ್ಲ ಅದರ ಎರಡು ತಟ್ಟೆಗಳಲ್ಲಿ ಇದೇ ಕಲ್ಲು, ಇದೇ ಮರಳಿನಿಂದ ತೀರುತ್ತಿತ್ತು. ತನ್ನ ಪರವಾಗಿ ತಾನೇ ಹೇಳಿಕೊಂಡ ಮಾತಿಗೆ ಕಲ್ಲೂ ಇಲ್ಲ, ಮರಳೂ ಇಲ್ಲ.

ಕಟ್ಟಳೆಗೊಂದು ಬಾಲವಿತ್ತು. ಕಿವಿಯಾರೆ ಕೇಳಿದ್ದೂ ಕಣ್ಣಾರೆ ಕಂಡದ್ದಕ್ಕೆ ಸಮ. ಆ ಬಾಲವನ್ನು ಯಾರು ಯಾವಾಗ ಅಂಟಿಸಿದರೋ ಯಾರಿಗೂ ನೆನಪಿರಲಿಲ್ಲ. ಬಾಲವಲ್ಲವೇ, ಹಿಂದೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಆ ಊರಿಗೊಬ್ಬ ಸಾಕ್ಷಿಗಾರ. ಊರಿನ ಪರವಾಗಿ ಹೋಗಿ ನೋಡುವುದು, ಬಂದು ಚೌಕದಲ್ಲಿ ನಿಂತು ಹೇಳುವುದು, ಇಷ್ಟೇ ಅವನ ಕೆಲಸ. ಅವನು ಕೂತು ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಊಟಕ್ಕೆ ಮಾತ್ರ ಕೂರುತ್ತಿದ್ದ, ಆಗ ಮಾತಾಡುತ್ತಿರಲಿಲ್ಲ. ತಾಯಿಯಿಲ್ಲದ ಮಗಳು ಚಿಕ್ಕವಳಿದ್ದಾಗ ಎದುರಿಗೆ ಕೂತು, "ಅಪ್ಪ, ನಾಳೆ ಗಾಳಿ ಬರುತ್ತಾ?" ಎಂದು ಕೇಳಿದರೆ, ತುತ್ತು ನುಂಗಿ, ಕೈ ತೊಳೆದು, ಎದ್ದು ನಿಂತು ಹೇಳುತ್ತಿದ್ದ: "ನಾಳೆಯನ್ನು ನಾನು ಕಂಡಿಲ್ಲ ಮಗಳೇ."

ಮಗಳು ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಬಂಡೆಯ ಮೇಲೆ ನೀರಿಲ್ಲ. ಬಂಡೆಯ ನಡುವಿನ ಸೀಳಿನಲ್ಲಿ, ಇಣುಕಿದರೆ ತಲೆ ಸುತ್ತುವಷ್ಟು ಆಳದಲ್ಲಿ ನೀರಿತ್ತು. ಅದನ್ನು ಮೇಲೆತ್ತಲು ಮೂಡಣ ಮನೆಯವರದೊಂದು ಗಾಳಿಚಕ್ರ, ಪಡುವಣ ಮನೆಯವರದೊಂದು ಗಾಳಿಚಕ್ರ. ಗಾಳಿ ಬೀಸಿದಾಗ ಚಕ್ರ ತಿರುಗಿ ತೊಗಲಿನ ಚೀಲಗಳು ಮೇಲೇರುತ್ತಿದ್ದವು. ಗಾಳಿ ಬಿದ್ದಾಗ ಚಕ್ರ ಹಿಂದಕ್ಕೆ ಜಾರಿ, ತುಂಬಿದ ಚೀಲಗಳೆಲ್ಲ ಮತ್ತೆ ಆಳಕ್ಕೆ ಇಳಿಯುತ್ತಿದ್ದವು. ಇದಕ್ಕೆ ಮೂಡಣ ಮನೆಯವರು ಒಂದು ಉಪಾಯ ಕಂಡುಹಿಡಿದರು. ಚಕ್ರಕ್ಕೆ ಬಾಗಿದ ಹಲ್ಲು. ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಊರಿನ ಪದ್ಧತಿಯಂತೆ, ಉಪಾಯ ಯಾರದೋ ಅವರ ಅಪ್ಪಣೆಯಿಲ್ಲದೆ ಇನ್ನೊಬ್ಬರು ಅದನ್ನು ಬಳಸುವಂತಿಲ್ಲ. ಇನ್ನೊಬ್ಬರ ಉಪಾಯ ಕದ್ದ ಕೈ ಬಂಡೆಯ ಮೇಲೆ ಇರುವಂತಿಲ್ಲ. ಬಂಡೆಯ ಕೆಳಗೆ ನೀರಿಲ್ಲದ ಬಿಳಿ ಬಯಲು.

ಕೆಲಕಾಲಕ್ಕೆ ಪಡುವಣ ಮನೆಯ ಚಕ್ರಕ್ಕೂ ಬಾಗಿದ ಹಲ್ಲು ಮೂಡಿತು.

"ನಮ್ಮದು," ಎಂದರು ಮೂಡಣ ಮನೆಯವರು. "ನಾವೇ ಕಂಡುಕೊಂಡದ್ದು," ಎಂದರು ಪಡುವಣ ಮನೆಯವರು. ವ್ಯಾಜ್ಯ ಬೆಳೆಯಿತು. ಅದರ ಜೊತೆಯಲ್ಲೇ ಹುಟ್ಟಿದ ಮಕ್ಕಳು ಬೆಳೆದು ಮದುವೆಯ ವಯಸ್ಸಿಗೆ ಬಂದರು.

ಕೊನೆಗೊಂದು ದಿನ ಮೂಡಣ ಮನೆಯ ಯಜಮಾನ ಮತ್ತು ಪಡುವಣ ಮನೆಯ ಅಜ್ಜಿ, ಇಬ್ಬರೇ, ಕಿಟಕಿಯಿಲ್ಲದ ಕಲ್ಲುಕೋಣೆಯೊಳಗೆ ಹೋದರು. ಹೊರಗೆ ಬಂದು ಬಾಗಿಲಿಗೆ ಹಸಿ ಮಣ್ಣು ಮೆತ್ತಿ, ಮಣ್ಣಿನ ಮೇಲೆ ಇಬ್ಬರೂ ಅಂಗೈ ಒತ್ತಿದರು. ಸಾಕ್ಷಿಗಾರ ಅದನ್ನು ಕಂಡ. ಬಾಗಿಲ ಹೊರಗೆ ಅವರು ಹೇಳಿದಷ್ಟನ್ನು ಕೇಳಿದ. ಚೌಕಕ್ಕೆ ಬಂದು ನಿಂತು ಹೇಳಿದ:

"ವ್ಯಾಜ್ಯ ಮುಗಿದಿದೆ. ಎರಡೂ ಮನೆಯವರು ಒಪ್ಪಿದ್ದಾರೆ. ಯಾರೂ ತಪ್ಪು ಒಪ್ಪಿಕೊಂಡಿಲ್ಲ. ಏನು ಒಪ್ಪಿದರು ಎಂಬುದು ಬಾಗಿಲ ಒಳಗಿದೆ. ಇಷ್ಟೇ."

ಜನ ಕಾದರು. ಅವನು ಬಾಯಿ ಮುಚ್ಚಿದ.

"ಇಷ್ಟೇನಾ?" ಎಂದ ಎಣ್ಣೆ ಅಂಗಡಿಯವನು.

"ಇಷ್ಟೇ."

"ಒಂದು ತಲೆಮಾರು ಕಚ್ಚಾಡಿದ್ದಕ್ಕೆ ಇಷ್ಟೇನೇನಯ್ಯಾ? ನಮ್ಮನೇಲಿ ಅತ್ತೆ ಸೊಸೆ ರಾಜಿಯಾದರೂ ಇದಕ್ಕಿಂತ ನಾಲ್ಕು ಮಾತು ಹೆಚ್ಚಿರುತ್ತೆ!"

ಜನ ನಕ್ಕರು. ಸಾಕ್ಷಿಗಾರ ತಿರುಗಿ ಮನೆಗೆ ನಡೆದ. ಕಂಡದ್ದು ಚಿಕ್ಕದಾದರೆ ಮಾತೂ ಚಿಕ್ಕದೇ ಆಗಬೇಕು, ಅದರಲ್ಲಿ ತನ್ನ ತಪ್ಪೇನು ಎಂಬುದು ಅವನ ನಂಬಿಕೆ. ಖಾಲಿ ಜಾಗವನ್ನು ಊರು ಖಾಲಿ ಬಿಡುವುದಿಲ್ಲ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

ಎಣ್ಣೆ ಅಂಗಡಿಯವನು ಅಂಗಡಿಗೆ ಹೋದವನೇ ನೆಲಕ್ಕೆ ಕೂತ. ಕಟ್ಟಳೆ ತಪ್ಪುವವನಲ್ಲ ಅವನು.

"ನೋಡು," ಎಂದ, ಎಣ್ಣೆಗೆ ಬಂದಿದ್ದ ಮಡಕೆಯವನಿಗೆ. "ಏನೂ ಕೊಡದೆ ಯಾವ ಜಗಳವೂ ಮುಗಿಯಲ್ಲ. ಪಡುವಣದವರು ಏನೋ ಕೊಟ್ಟಿರಬೇಕು. ಕೊಡೋಕೆ ಅವರ ಹತ್ರ ಏನಿದೆ? ಚಕ್ರ ಕೊಡಲಿಲ್ಲ, ಅಲ್ಲೇ ತಿರುಗ್ತಿದೆ. ಹಾಗಾದ್ರೆ ಆಳು ಕೊಟ್ಟಿರಬೇಕು. ಕದ್ದವರನ್ನ ಒಪ್ಪಿಸಿರಬೇಕು."

"ಕದ್ದವರು ಯಾರು ಹಾಗಾದ್ರೆ?"

"ಹಲ್ಲು ಕೊರೆಯೋರು ಯಾರು ಅಲ್ಲಿ? ಸಾಕ್ಷಿಗಾರನ ಮಗಳು. ಅವಳು ಕೆಲಸ ಕಲಿತದ್ದೆಲ್ಲಿ? ಮೂಡಣದವರ ಅಂಗಳದಲ್ಲಿ. ನಾನೇನೂ ಹೇಳ್ತಿಲ್ಲಪ್ಪ. ನಾನು ಕೂತಿದ್ದೀನಿ, ನೋಡ್ಕೋ."

ಅವಳು ಹಲ್ಲು ಕೊರೆಯುವುದು ನಿಜ. ವ್ಯಾಜ್ಯ ಹುಟ್ಟುವ ಮೊದಲು, ಹುಡುಗಿಯಾಗಿದ್ದಾಗ, ಮೂಡಣದವರ ಅಂಗಳದಲ್ಲಿ ಉಳಿ ಹಿಡಿಯಲು ಕಲಿತದ್ದೂ ನಿಜ. ಎರಡು ನಿಜಗಳ ನಡುವೆ ಒಂದು ಊಹೆ ಗಾರೆಯ ಹಾಗೆ ಕೂತಿತು.

ಮಡಕೆಯವನು ಎಣ್ಣೆ ಹಿಡಿದು ಮುಂದಿನ ಬೀದಿಗೆ ಹೋದ. ಅಲ್ಲಿ ನಿಂತು ಹೇಳಿದ: "ಸಾಕ್ಷಿಗಾರನ ಮಗಳನ್ನ ಒಪ್ಪಿಸಿದ್ದಾರಂತೆ. ಎಣ್ಣೆ ಅಂಗಡಿಯವನು ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದೆ."

ಅವನು ಕೇಳಿದ್ದು ನಿಜ. ಆದ್ದರಿಂದ ಅವನು ನಿಲ್ಲಬಹುದಿತ್ತು. ಅವನು ಹೇಳಿದ್ದನ್ನು ಕೇಳಿದ ನೇಕಾರನೂ ನಿಂತ. ನೇಕಾರನಿಂದ ಕೇಳಿದ ಅಗಸಗಿತ್ತಿಯೂ ನಿಂತಳು. ಹೀಗೆ ಕೂತವನೊಬ್ಬನ ಮಾತು ಸಂಜೆಯಾಗುವಷ್ಟರಲ್ಲಿ ಊರಿನ ಬೀದಿಬೀದಿಯಲ್ಲಿ ಎದ್ದು ನಿಂತಿತ್ತು. ಮರುದಿನ ತೊಗಲ ಚೀಲ ಬದಲಿಸಲೆಂದು ಪಡುವಣದವರು ಸ್ವಲ್ಪ ಹೊತ್ತು ಚಕ್ರ ನಿಲ್ಲಿಸಿದರು. "ಚಕ್ರ ನಿಂತದ್ದನ್ನ ನಾನು ಕಂಡೆ," ಎಂದರು ಜನ. ಅದೂ ನಿಜವೇ.

ಸುದ್ದಿ ಸಾಕ್ಷಿಗಾರನ ಮನೆಯನ್ನು ಎಲ್ಲರ ಮನೆಗಿಂತ ತಡವಾಗಿ ಮುಟ್ಟಿತು. ಮುಟ್ಟಿಸಿದವಳು ಮಗಳೇ. ಕೆಲಸದಿಂದ ಬಂದು, ತಲೆಗೂದಲಲ್ಲಿ ಸಿಕ್ಕಿಕೊಂಡ ಮರದ ಸಿಬರನ್ನು ಕೊಡವುತ್ತ, "ನನ್ನ ಹೆಸರು ಕೋಣೆಯೊಳಗೆ ಇದೆಯಂತೆ ಅಪ್ಪ. ನಾಳೆ ತಕ್ಕಡಿಗೆ ಕರೆದಿದ್ದಾರೆ," ಎಂದಳು.

"ಇದೆಯಾ?"

"ನನಗೇನು ಗೊತ್ತು? ನಾನು ಕದ್ದಿಲ್ಲ, ಅಷ್ಟು ಗೊತ್ತು. ಹಲ್ಲು ನೆಟ್ಟಗಿದ್ದರೆ ಜಾರುತ್ತೆ, ಬಾಗಿಸಿದೆ. ಯಾರಾದರೂ ಬಾಗಿಸ್ತಿದ್ರು."

ಅವನು ಚಪ್ಪಲಿ ಮೆಟ್ಟಿ ಹೊರಟ.

ಮೂಡಣ ಮನೆಯ ಯಜಮಾನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ. "ಅಜ್ಜಿ ಹೇಳಲಿ, ನಾನೂ ಹೇಳ್ತೀನಿ. ಒಬ್ಬನೇ ಹೇಳಲ್ಲ," ಎಂದು ಬಾಗಿಲು ಹಾಕಿಕೊಂಡ. ಸಾಕ್ಷಿಗಾರ ಅಜ್ಜಿಯ ಬಳಿಗೆ ಹೋದ. ಅಜ್ಜಿ ಚಕ್ರದ ನೆರಳಿನಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು.

"ಒಂದೇ ಪ್ರಶ್ನೆ ತಾಯಿ. ಒಪ್ಪಂದ ಏನು ಅಂತ ನಾನು ಕೇಳಲ್ಲ. ನನ್ನ ಮಗಳ ಹೆಸರು ಅದರಲ್ಲಿ ಇದೆಯೋ ಇಲ್ಲವೋ, ಅಷ್ಟೇ ಹೇಳಿ. ಕೇಳಿದೆ ಅಂತ ನಿಂತು ಹೇಳ್ತೀನಿ."

ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಇವತ್ತು ನಿನಗೆ ಇಲ್ಲ ಅಂತ ಹೇಳಿದೆ ಅಂತಿಟ್ಟುಕೋ. ನಾಳೆ ಕಮ್ಮಾರನ ಹೆಂಡತಿ ಬಂದು, ನನ್ನ ಗಂಡನ ಹೆಸರಿದೆಯಾ ಅಂತಾಳೆ. ಅವಳಿಗೂ ಇಲ್ಲ ಅಂತೀನಿ. ಹೀಗೇ ಇಲ್ಲ, ಇಲ್ಲ ಅಂತ ಹೇಳ್ತಾ ಹೋಗಿ, ಯಾವನೋ ಒಬ್ಬನ ಮುಂದೆ ಸುಮ್ಮನಾದೆ ಅನ್ನು. ಆ ಸುಮ್ಮನಿರೋದೇ ಉತ್ತರ ಆಗಿಬಿಡಲ್ವೇನೋ? ಅದಕ್ಕೇ ಮೊದಲನೆಯವನಿಂದಲೇ ಸುಮ್ಮನೆ."

"ಅವಳು ನಿಮ್ಮ ಮನೆಯಲ್ಲೇ ದುಡಿಯೋಳು."

"ಹೌದು. ಒಳ್ಳೆ ಕೈ." ಅಜ್ಜಿಯ ಒರಳಿನ ಸದ್ದು ಒಂದು ಗಳಿಗೆ ನಿಂತಿತು. "ಮಣ್ಣು ಒಡೆದರೆ ಒಪ್ಪಂದ ಒಡೆಯುತ್ತೆ. ಒಪ್ಪಂದ ಒಡೆದರೆ ಚಕ್ರ ನಿಲ್ಲುತ್ತೆ. ಚಕ್ರ ನಿಂತರೆ ಅರ್ಧ ಊರಿಗೆ ನೀರಿಲ್ಲ. ಹೋಗು ಮಗಾ."

ಅವನು ದಾರಿಯುದ್ದಕ್ಕೂ ಆ ವಾದದಲ್ಲಿ ಬಿರುಕು ಹುಡುಕಿದ. ಸಿಗಲಿಲ್ಲ. ಅಜ್ಜಿಯ ಜಾಗದಲ್ಲಿ ಅವನಿದ್ದರೂ ಹಾಗೆಯೇ ಹೇಳುತ್ತಿದ್ದ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

ಮರುದಿನ ಚೌಕ ತುಂಬಿತು. ಮಗಳು ತಕ್ಕಡಿಯ ಪಕ್ಕ ನಿಂತಳು. ಅವಳ ವಿರುದ್ಧದ ತಟ್ಟೆಯ ಮುಂದೆ ಸಾಲು ಬೆಳೆಯಿತು. ಒಬ್ಬೊಬ್ಬರೇ ಬಂದು ನಿಂತರು, ಕೇಳಿದೆ ಎಂದರು, ಕಲ್ಲಿಟ್ಟರು. ಕೇಳಿದೆ, ಕಲ್ಲು. ಕೇಳಿದೆ, ಕಲ್ಲು. ಮೂಡಣದವರ ಅಂಗಳದಲ್ಲಿ ಅವಳನ್ನು ಕಂಡೆ, ಕಲ್ಲು. ಚಕ್ರ ನಿಂತದ್ದನ್ನು ಕಂಡೆ, ಕಲ್ಲು.

ಸಾಕ್ಷಿಗಾರ ಪ್ರತಿಯೊಬ್ಬರನ್ನೂ ತಡೆದು ಕೇಳಿದ. "ಕೋಣೆಯೊಳಗಿನದನ್ನು ಕಂಡೆಯಾ?"

"ನಾನ್ಯಾಕೆ ಕಾಣಲಿ? ಕೇಳಿದೆ."

"ಯಾರಿಂದ?"

"ನೇಕಾರನಿಂದ."

"ನೇಕಾರ, ನೀನು?"

"ಮಡಕೆಯವನಿಂದ. ಅದೇನು ಸಾಕ್ಷಿಗಾರಪ್ಪಾ, ಬಾಯಿಂದ ಬಾಯಿಗೆ ನಮ್ಮ ಎಂಜಲು ಎಣಿಸ್ತಾ ಇದ್ದೀಯಾ?"

ಮತ್ತೆ ನಗು. ಎಣ್ಣೆ ಅಂಗಡಿಯವನು ಮಾತ್ರ ಸಾಲಿನಲ್ಲಿ ಇರಲಿಲ್ಲ. ಅವನು ಚೌಕದ ಅಂಚಿನಲ್ಲಿ ಕಟ್ಟಳೆಗೆ ತಕ್ಕಂತೆ ಕೂತು ನೆಲಗಡಲೆ ತಿನ್ನುತ್ತಿದ್ದ. ಅವನ ಮಾತಿಗೆ ಒಂದು ಚಿಟಿಕೆ ಮರಳು ಬಿದ್ದಿತ್ತು, ಅಷ್ಟೇ. ಅವನ ಮೇಲೆ ತಪ್ಪು ಹೊರಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಆಮೇಲೆ ತಕ್ಕಡಿ ಕಾಯುವವನು ಮಗಳ ಕಡೆಯ ಖಾಲಿ ತಟ್ಟೆ ತೋರಿಸಿ ಕರೆದ: "ಇವಳ ಪರವಾಗಿ ನಿಲ್ಲುವವರು?"

ಎಲ್ಲರೂ ಸಾಕ್ಷಿಗಾರನ ಕಡೆ ತಿರುಗಿದರು. ಅವನು ನಿಂತೇ ಇದ್ದ.

"ಇವಳ ಹೆಸರು ಒಳಗಿಲ್ಲ ಅಂತೀಯಾ?"

"ನಾನು ಒಳಗೆ ಕಂಡಿಲ್ಲ."

"ಇದೆ ಅಂತೀಯಾ?"

"ಕಂಡಿಲ್ಲ ಅಂದೆ."

"ಇವಳು ಕದ್ದಿಲ್ಲ ಅಂತೀಯಾ?"

ಹಲ್ಲು ಬಾಗಿಸಿದ ದಿನ ಅವನು ಅವಳ ಪಕ್ಕದಲ್ಲಿ ಇರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ಕಂಡಿದ್ದ. ಆ ಒಂದು ದಿನ ಕಂಡಿರಲಿಲ್ಲ.

"ಅಪ್ಪ," ಎಂದಳು ಮಗಳು. ಅವಳ ಧ್ವನಿ ಮೆಲ್ಲಗಿತ್ತು. "ಅಪ್ಪ, ಕೂತ್ಕೋ."

ಅವಳು ತಕ್ಕಡಿಗೆ ಬೆನ್ನು ಮಾಡಿ ಅವನತ್ತ ತಿರುಗಿದಳು.

"ಸುಳ್ಳು ಹೇಳು ಅಂತ ಕೇಳ್ತಿಲ್ಲ. ಕೂತು ಹೇಳು. ನನ್ನ ಮಗಳು ಕದ್ದಿರಲಾರಳು ಅಂತ ನನಗನ್ನಿಸುತ್ತೆ, ಅಂತ ಹೇಳು. ತಕ್ಕಡಿ ತಿರುಗಲ್ಲ, ನಂಗೊತ್ತು. ನನ್ನ ತಟ್ಟೆಗೆ ಒಂದು ಚಿಟಿಕೆ ಮರಳು ಸಾಕಪ್ಪ."

ಅವನ ಮಂಡಿಗಳು ಬಾಗಲಿಲ್ಲ. ಊಹಿಸುವವರ ಸಾಲನ್ನು ಬೆಳಗಿನಿಂದ ಒಬ್ಬೊಬ್ಬರಾಗಿ ತಡೆದು ನಿಲ್ಲಿಸಿದವನು ತಾನು. ಈಗ ಮಗಳಿಗೋಸ್ಕರ ಅದೇ ನೆಲಕ್ಕೆ ಹೇಗೆ ಕೂರುವುದು? ಅವನು ಬಂಡೆಯಂತೆ ನಿಂತ. ನಿಂತು ಸುಮ್ಮನಿದ್ದ.

ಸಾಲಿನ ಕೊನೆಯಲ್ಲಿದ್ದವನು ಮುಂದೆ ಬಂದ. "ಹೆತ್ತ ಅಪ್ಪನೇ ಬಾಯಿ ಬಿಡದೆ ನಿಂತದ್ದನ್ನ ನಾನು ಕಣ್ಣಾರೆ ಕಂಡೆ," ಎಂದು ಕಲ್ಲಿಟ್ಟ. ತಟ್ಟೆ ನೆಲ ಮುಟ್ಟಿತು. ಅಂದಿನ ಕಲ್ಲುಗಳಲ್ಲಿ ಅಷ್ಟು ಗಟ್ಟಿಯಾದ ನಿಜ ಇನ್ನೊಂದಿರಲಿಲ್ಲ.

ಪದ್ಧತಿಯಂತೆ ಅವಳ ಹೆಗಲಿಗೆ ಒಂದು ನೀರಿನ ಚೀಲ ಹಾಕಿ ಹೆಬ್ಬಾಗಿಲು ತೆರೆದರು. ಅವಳು ಮೆಟ್ಟಿಲಿಳಿದಳು, ಬಯಲಿಗೆ ಕಾಲಿಟ್ಟಳು, ನಡೆದಳು. ಸಾಕ್ಷಿಗಾರ ಬಾಗಿಲಲ್ಲಿ ನಿಂತು ನೋಡಿದ. ಅವಳು ಚುಕ್ಕೆಯಾಗುವವರೆಗೆ ಕಂಡ. ಚುಕ್ಕೆ ಬಿಸಿಲಿನಲ್ಲಿ ಕರಗಿದ ಮೇಲೆ ಕಾಣಲಿಲ್ಲ.

ಮನೆಗೆ ಬಂದ. ಹೊಸ್ತಿಲ ಮೇಲೆಯೇ ಕುಸಿದು ಕೂತ. ಕೂತಾಗ, ಜೀವಮಾನವಿಡೀ ಬಿಗಿಹಿಡಿದಿದ್ದ ಬಾಯಿ ತಾನಾಗಿ ತೆರೆದುಕೊಂಡಿತು.

"ಅವಳು ಕದ್ದಿಲ್ಲ," ಎಂದ ಬರಿ ಬೀದಿಗೆ. "ಅವಳ ಹೆಸರು ಆ ಕೋಣೆಯಲ್ಲಿ ಇಲ್ಲ. ನನ್ನ ಮಗಳು ಕದಿಯೋಳಲ್ಲ."

ಬೀದಿ ಬರಿದಾಗಿರಲಿಲ್ಲ. ರೊಟ್ಟಿ ಸುಡುವ ಹೆಂಗಸು ಬುಟ್ಟಿ ಹೊತ್ತು ಗೋಡೆಯ ಆ ಮಗ್ಗುಲಿನಲ್ಲಿ ಹೋಗುತ್ತಿದ್ದಳು. ನಿಂತಳು. ಕೇಳಿದಳು. ಬುಟ್ಟಿ ಹೊತ್ತುಕೊಂಡೇ ಓಡಿದಳು.

"ಸಾಕ್ಷಿಗಾರ ಹೇಳಿದ! ಅವಳ ಹೆಸರು ಒಳಗಿಲ್ಲವಂತೆ! ನಾನು ಈ ಕಿವಿಯಲ್ಲಿ ಕೇಳಿದೆ!"

"ಸಾಕ್ಷಿಗಾರನಾ? ಅವನು ಕಾಣದ್ದನ್ನ ಹೇಳೋನೇ ಅಲ್ಲ."

"ಹಾಗಾದ್ರೆ ಕಂಡಿದ್ದಾನೆ."

"ಅಜ್ಜಿಯ ಮನೆಗೆ ಹೋದದ್ದನ್ನ ನಾನೇ ಕಂಡೆನಲ್ಲ. ಅಜ್ಜಿ ತೋರಿಸಿದ್ದಾಳೆ."

ಬೆಳಗಾಗುವಷ್ಟರಲ್ಲಿ ಊರು ಮಗ್ಗುಲು ಬದಲಿಸಿತ್ತು. ನಿನ್ನೆ ಕಲ್ಲಿಟ್ಟವರೇ ಇಂದು ಎದೆ ಬಡಿದುಕೊಂಡರು. ಕತ್ತೆಯೊಂದರ ಬೆನ್ನಿಗೆ ನೀರಿನ ಚೀಲಗಳನ್ನು ಕಟ್ಟಿದರು. ರೊಟ್ಟಿಯವಳು ಬಿಸಿರೊಟ್ಟಿ, ಬೆಲ್ಲ, ಹುರಿಗಡಲೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ಎಲ್ಲರೂ ಸಾಕ್ಷಿಗಾರನ ಬಾಗಿಲಿಗೆ ಬಂದರು.

"ಏಳಪ್ಪ. ಹೊರಗೆ ಹಾಕಿದವರಿಗೆ ಹೆಬ್ಬಾಗಿಲು ಮತ್ತೆ ತೆರೆಯಬೇಕಾದರೆ ಕಿವಿಯಾರೆ ಕೇಳಿದ್ದು ಸಾಲದು, ಸಾಕ್ಷಿಗಾರನ ನಿಂತ ಮಾತೇ ಬೇಕು. ಚೌಕದಲ್ಲಿ ನಿಂತು ಒಂದು ಸಲ ಹೇಳಿಬಿಡು. ಈಗಲೇ ಹೊರಟರೆ ಮಧ್ಯಾಹ್ನದೊಳಗೆ ಹಿಡೀಬಹುದು. ಅವಳ ಚೀಲದಲ್ಲಿ ಇನ್ನೂ ನೀರಿರುತ್ತೆ."

ಅವನು ಎದ್ದ. ಅವರೊಂದಿಗೆ ನಡೆದ. ಪ್ರತಿ ಹೆಜ್ಜೆಗೂ ಒಂದೇ ಮಾತು ತಲೆಯಲ್ಲಿ ಬಡಿಯುತ್ತಿತ್ತು. ನಿನ್ನೆ ಅವಳು ಕೇಳಿದ್ದನ್ನು ಕೊಡಲು ಕಟ್ಟಳೆ ಅಡ್ಡವಿರಲಿಲ್ಲ, ತಾನೇ ಅಡ್ಡವಿದ್ದೆ. ಇಂದು ಇವರು ಕೇಳುವುದನ್ನು ಕೊಡಲು ಕಟ್ಟಳೆ ಅಡ್ಡವಿದೆ. ನಾಲ್ಕು ಮಾತು. ನಿಂತು ಹೇಳಿಬಿಟ್ಟರೆ ಮಗಳು ಬದುಕುತ್ತಾಳೆ. ಹೇಳಿದ ಮೇಲೆ ಈ ಚೌಕದಲ್ಲಿ ಕಲ್ಲಿಗೂ ಮರಳಿಗೂ ವ್ಯತ್ಯಾಸವಿರುವುದಿಲ್ಲ. ನಾಳೆ ಇನ್ನೊಬ್ಬರ ಮಗಳು ಇದೇ ಮೆಟ್ಟಿಲಿಳಿಯುತ್ತಾಳೆ, ತಡೆದು ಕೇಳುವವನೂ ಇರುವುದಿಲ್ಲ.

ಚೌಕದ ನಡುವೆ ನಿಂತ.

"ನಿನ್ನೆ ನಾನು ಹೇಳಿದ್ದು ಕೂತು ಹೇಳಿದ ಮಾತು," ಎಂದ. "ನಾನು ಒಳಗೆ ಕಂಡಿಲ್ಲ. ಅಜ್ಜಿ ನನಗೆ ಏನನ್ನೂ ತೋರಿಸಿಲ್ಲ, ಏನನ್ನೂ ಹೇಳಿಲ್ಲ. ಅವಳು ಕದ್ದಿಲ್ಲ ಎಂದು ನಾನು ಕಂಡಿಲ್ಲ. ಅವಳು ಕದ್ದಳು ಎಂದು ನಿಮ್ಮಲ್ಲೂ ಯಾರೂ ಕಂಡಿಲ್ಲ."

ಯಾರೋ ಬಿಕ್ಕಿದರು. ಯಾರೋ ಉಗುಳಿದರು.

ಆಮೇಲೆ ಅವನು ಕೂತ. ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು. ಮುದುಕ ಒಂಟೆ ಕೂರುವ ಹಾಗೆ, ಎಲ್ಲರ ಕಣ್ಣೆದುರು, ಚೌಕದ ಧೂಳಿನಲ್ಲಿ ಕೂತ.

"ನನ್ನ ಊಹೆ," ಎಂದ. ಆ ಪದ ಅವನ ಬಾಯಿಗೆ ಹೊಸದು, ತಡವರಿಸಿತು. "ನನ್ನ ಊಹೆ, ಅವಳು ಕದ್ದಿಲ್ಲ. ನನ್ನ ಊಹೆ, ಅವಳ ಹೆಸರು ಒಳಗಿಲ್ಲ. ನನ್ನ ಊಹೆ, ಅವಳು ಇನ್ನೂ ನಡೆಯುತ್ತಿದ್ದಾಳೆ."

ತಕ್ಕಡಿ ಕಾಯುವವನು ಏನು ಮಾಡಬೇಕೆಂದು ತಿಳಿಯದೆ ಒಂದು ಚಿಟಿಕೆ ಮರಳು ತೆಗೆದು ಖಾಲಿ ತಟ್ಟೆಗೆ ಹಾಕಿದ. ತಟ್ಟೆ ಅಲುಗಲಿಲ್ಲ.

ಜನ ಕತ್ತೆಯ ಬೆನ್ನಿನಿಂದ ನೀರಿನ ಚೀಲಗಳನ್ನು ಬಿಚ್ಚತೊಡಗಿದರು. "ಮರಳಿಗೆ ಬಾಗಿಲು ತೆರೆಯಲ್ಲ," ಎಂದ ಮಡಕೆಯವನು, ಯಾರಿಗೂ ಅಲ್ಲದ ಹಾಗೆ. "ಇಂಥ ಅಪ್ಪ ನಮ್ಮ ಶತ್ರುಗೂ ಬೇಡ," ಎಂದಳು ಅಗಸಗಿತ್ತಿ. ಎಣ್ಣೆ ಅಂಗಡಿಯವನು ಅಂಗಡಿ ತೆರೆಯಲು ಹೋದ. ಚೌಕ ಖಾಲಿಯಾಯಿತು.

ರೊಟ್ಟಿಯವಳು ಮಾತ್ರ ಉಳಿದಳು. ಗಂಟನ್ನು ಬಿಚ್ಚುವುದೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಂತಿದ್ದಳು. ಸಾಕ್ಷಿಗಾರ ನೆಲಕ್ಕೆ ಕೈಯೂರಿ ಎದ್ದ. ಬಿಚ್ಚಿ ಬಿಸಾಡಿದ್ದ ನೀರಿನ ಚೀಲಗಳಲ್ಲಿ ಒಂದನ್ನು ಹೆಗಲಿಗೆ ಹಾಕಿಕೊಂಡ.

"ಆ ಗಂಟು ಕೊಡಮ್ಮ."

"ಎಲ್ಲಿಗೆ ಹೊರಟೆ ಅಣ್ಣಾ? ಹೊರಗೆ ಹೋದರೆ ನಿನಗೂ ಮತ್ತೆ ಬಾಗಿಲು ತೆರೆಯಲ್ಲ. ಬಯಲಲ್ಲಿ ದಾರಿ ಅಂತ ಇಲ್ಲ. ಕಣ್ಮರೆಯಾದ ಮೇಲೆ ಅವಳು ಯಾವ ಕಡೆ ಹೋದಳು ಅಂತ ಗೊತ್ತಾ?"

"ಗೊತ್ತಿಲ್ಲ."

"ಬದುಕಿದ್ದಾಳೆ ಅಂತ ಗೊತ್ತಾ?"

"ಗೊತ್ತಿಲ್ಲ," ಎಂದ. ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು, ರೊಟ್ಟಿ ಇನ್ನೂ ಬಿಸಿಯಿದೆಯೇ ಎಂದು ಬಟ್ಟೆಯ ಮೇಲಿಂದ ಒತ್ತಿ ನೋಡಿ, ಹೆಬ್ಬಾಗಿಲಿನ ಕಡೆ ಬೇಗಬೇಗ ಹೆಜ್ಜೆ ಹಾಕಿದ.